ಬೆನ್ನು

ಮೂಡಿಗೆರೆಯ ಕೆ.ಎಂ. ರಸ್ತೆಯಲ್ಲಿ ನನ್ನ ಬೈಂಡಿಂಗ್ ಅಂಗಡಿ,
ಜೆರಾಕ್ಸಿನವನಿಗೂ ಪಂಚರಿನವನಿಗೂ ನಡುವೆ.
ಅಲ್ಲಿಗೆ ಬಂತು ಒಂದು ಲೆಕ್ಕದ ಪುಸ್ತಕ.
ಬೆನ್ನು ಮುರಿದದ್ದು. ಮೇಜಿನ ಮೇಲಿಟ್ಟರೆ
ಎಡಕ್ಕೆ ವಾಲುತ್ತಿತ್ತು.

'ಶತಮಾನೋತ್ಸವಕ್ಕೆ ಗಾಜಿನ ಪೆಟ್ಟಿಗೆಯಲ್ಲಿಡಬೇಕು, ನಜೀರಣ್ಣ.
ಚರ್ಮದ ಹೊದಿಕೆ ಹಾಕು, ಚಿನ್ನದಕ್ಷರ ಒತ್ತು,'
ಅಂದರು ಶಾಲೆಯ ಕಾರ್ಯದರ್ಶಿ, ಸ್ಥಾಪಕರ ಮೊಮ್ಮಗ.
ಮೆಟ್ಟಿಲಿಳಿದವರು ತಿರುಗಿ ಬಂದು,
'ನಲವತ್ತೊಂದರಿಂದ ಐವತ್ತು,
ಹಾಳೆಗೆ ಹಾಳೆ ಅಂಟಿಸಿಬಿಡು.
ಅದೇನು ಓದುವಂಥದ್ದಲ್ಲ.'

ಮೊದಲ ಪುಟಗಳ ಕತೆ ಊರಿಗೆಲ್ಲ ಬಾಯಿಪಾಠ:
ಕಲ್ಲು ನೂರಹತ್ತು ಗಾಡಿ, ಮಂಗಳೂರು ಹೆಂಚು,
ಕಂಚಿನ ಗಂಟೆಗೆ ಹದಿನೆಂಟು ರೂಪಾಯಿ.
ಕೆಳಗೆ ಸಾಹುಕಾರ್ ಬಸವಂತಯ್ಯನವರ ಕೈಬರಹ:
'ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಬೆಂಚು.
ಇದರಲ್ಲಿ ತಕರಾರು ಕೂಡದು.'

ನಲವತ್ತೊಂದು. ಅದೇ ಮಸಿ,
ಅದೇ ಬಾಲ ಎಳೆದ 'ದ'.
'ತನಿಯ, ಗುರುವನ ಮಗ. ಮದುವೆ ಬಾಬ್ತು ಮೂವತ್ತೈದು.
ಈಡು: ತಾನು. ತೀರದಿದ್ದರೆ ಮಗ.
ಕಂಬಳಿ ಒಂದು. ಬೆಲೆ ಸಾಲಕ್ಕೆ ಸೇರಿಸಿದೆ.'
ಬೆಳ್ಳಿ, ತನಿಯನ ಹೆಂಡತಿ. ಅವಳ ಮುಂದೆ ಮೊತ್ತವೇ ಇಲ್ಲ.
ಅವಳನ್ನು ಅವನ ಜೊತೆಗೇ ಎಣಿಸಿರಬೇಕು.

ಕತ್ತರಿಸಿದ ಕಾಗದದ ಚೂರಿನ ಮೂಟೆ ಮೇಲೆ ಕೂತು
ಮಗಳು ಮುಬೀನಾ ಅಮೆರಿಕದ ಪಾಠ ಓದುತ್ತಿದ್ದಳು.
'ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಅಂತ ಬರೆದನಲ್ಲ ಅಬ್ಬಾ,
ಅವನ ಬದುಕಲ್ಲಿ ಆರುನೂರು ಜನ ಗುಲಾಮರಂತೆ.
ಪುಸ್ತಕದಲ್ಲಿಲ್ಲ, ಮೇಷ್ಟ್ರು ಹೇಳಿದರು.
ಅವನೂ ಲೆಕ್ಕ ಇಡುತ್ತಿದ್ದನಂತೆ,
ಯಾರಿಗೆ ಕಂಬಳಿ, ಯಾರಿಗೆಷ್ಟು ಮೀನು.
ಹಾಗಾದರೆ ಅವನು ಒಳ್ಳೆಯವನೋ, ಕೆಟ್ಟವನೋ?'
'ಎಷ್ಟು ಅಂಕದ ಪ್ರಶ್ನೆ?' ಅಂದೆ.
'ಪರೀಕ್ಷೆಗೆ ಬರಲ್ಲ,' ಅಂದಳು.

ನಾನೂ ಕೂತದ್ದು ಅದೇ ಬೆಂಚಲ್ಲಿ.
ಲಾರಿ ಕ್ಲೀನರನ ಮಗ, ಫೀಜು ಮಾಫಿ, ಮಧ್ಯಾಹ್ನ ಉಪ್ಪಿಟ್ಟು.
ಯಾರೂ ಎದ್ದು ಆಚೆ ಕೂರು ಅನ್ನಲಿಲ್ಲ.
ತನಿಯ ಅನ್ನುವ ಮೂರಕ್ಷರ
ಇವತ್ತು ನನ್ನ ಕಣ್ಣಿಗೆ ಬಿದ್ದರೆ
ಅದು ಆ ಮಹಾರಾಯನ ಉಪ್ಪಿನ ಋಣ.
ಈ ಮಾತನ್ನು ನುಂಗಲೂ ಆಗದೆ
ಉಗುಳಲೂ ಆಗದೆ ಮೂರು ದಿನ ಕಳೆದೆ.

ಸಂಜೆ ಗಂಟೆ ಹೊಡೆಯುವ ಚೋಮಯ್ಯ ಬಂದ.
ಕೆಲಸ ಎಲ್ಲಿಗೆ ಬಂತು ಅಂತ ನೋಡಿ ಬರಲು ಕಳಿಸಿದ್ದರು.
ಪುಟ ತೋರಿಸಿದೆ. ನಿಂತೇ ಓದಿದ, ತುಟಿ ಅಲ್ಲಾಡಿಸುತ್ತ.
'ನಮ್ಮ ಮುತ್ತಾತನೂ ತನಿಯನೇ.
ಆದರೆ ಆಗ ತೋಟಕ್ಕೆ ಹತ್ತು ಜನ ತನಿಯರಿದ್ದರು.'
ಹೆಬ್ಬೆಟ್ಟಿನ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ನೋಡಿದ.
'ಅಗಲ ಇದೆ, ನನ್ನದಕ್ಕಿಂತ.'
ಆಮೇಲೆ, 'ಕೊನೆಗೆ ತೀರಿತಾ? ಬರೆದಿದ್ದಾರಾ?'

ಹುಡುಕಿದೆ. ಐವತ್ತನೇ ಪುಟದ ತಳದಲ್ಲಿ
ಗೆರೆ ಎಳೆದು, ಚೊಕ್ಕವಾಗಿ:
'ಬಾಕಿ, ಮುಂದಿನ ಪುಸ್ತಕಕ್ಕೆ.'

ಮುಂದಿನ ಪುಸ್ತಕ ನನ್ನ ಅಂಗಡಿಗೆ ಬಂದಿಲ್ಲ.

ಮೈದಾ ಅಂಟು ಕುದಿಸಿದೆ,
ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ.
ಕುಂಚ ಅದ್ದಿ, ನಲವತ್ತೊಂದರ ಮೇಲೆ ಹಿಡಿದೆ.
ಒಂದು ಹನಿ ನೆಲಕ್ಕೆ ಬಿತ್ತು.
ಅಂಟಿನ ಮೇಲೆ ಕೆನೆ ಕಟ್ಟಿತು.
ಡಬ್ಬಿಯನ್ನು ಒಲೆಯಿಂದ ದೂರ ಸರಿಸಿ
ಸೂಜಿಗೆ ದಾರ ಪೋಣಿಸಿದೆ.

ಒಂದೂ ಹಾಳೆ ಬಿಡದೆ ಹೊಲಿದೆ, ಕಂತೆ ಕಂತೆಯಾಗಿ.
ಹೊರಗೆ ಚಿನ್ನದಲ್ಲಿ ಸಾಹುಕಾರರ ಪೂರ್ತಿ ಹೆಸರು,
ಒತ್ತಕ್ಷರ ಸಮೇತ. ಅದರಲ್ಲಿ ಜಿಪುಣತನ ಮಾಡಲಿಲ್ಲ.
ಹೊಸ ಬೈಂಡಿನ ಪುಸ್ತಕ
ಮೊದಲ ಸಲ ಎಲ್ಲಿ ಅದುಮುತ್ತೇವೋ
ಬದುಕಿಡೀ ಅಲ್ಲೇ ಬಾಯಿ ಬಿಡುತ್ತದೆ;
ಕಸುಬಿನವರಿಗೆ ಮಾತ್ರ ಗೊತ್ತು.
ಅಂಗೈಯ ಬುಡದಿಂದ ಅದುಮಿದೆ.

ಕಾರ್ಯದರ್ಶಿ ಬಂದರು, ಕೈಯಲ್ಲಿ ತೂಗಿ ನೋಡಿದರು,
ಚಿನ್ನದ ಮೇಲೆ ಬೆರಳಾಡಿಸಿದರು, ದುಡ್ಡು ಎಣಿಸಿದರು.
'ಅಂಟಿಸಿದೆಯಾ?'

'ಬೆನ್ನು ಗಟ್ಟಿ ಮಾಡಿದ್ದೀನಿ,' ಅಂದೆ.